ನೆರೆ ನಂತರದ ದುರಸ್ತಿ: ಹೊಣೆಗಾರಿಕೆ ವಿಮೆಯ ಷರತ್ತುಗಳು ಕನ್ನಡದಲ್ಲಿ ಸಿಗಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಬೆಂಗಳೂರಿನ ತಗ್ಗು ಬಡಾವಣೆಗಳ ನೆಲಮಾಳಿಗೆಗಳಿಗೆ ನೀರು ನುಗ್ಗಿದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದೇ ಬರುತ್ತದೆ. ಆ ನೆಲಮಾಳಿಗೆಗಳಿಗೆ ಇಳಿದು ಪಂಪ್ ಹಚ್ಚಿ, ಕೆಸರು ಬಳಿದು, ಗೋಡೆ ಒಣಗಿಸಿ, ಕೆಟ್ಟ ವೈರಿಂಗ್ ಬದಲಿಸುವ ಕೆಲಸ ನನ್ನಂಥ ಸಣ್ಣ ಗುತ್ತಿಗೆದಾರರದು. ಈ ಕೆಲಸದಲ್ಲಿ ನಮ್ಮಿಂದ ಬೇರೆಯವರಿಗೆ ಹಾನಿಯಾದರೆ ತುಂಬಿಕೊಡಲೆಂದು ನಾವು ಹೊಣೆಗಾರಿಕೆ ವಿಮೆ ಮಾಡಿಸುತ್ತೇವೆ. ಆದರೆ ಅದರ ಷರತ್ತುಗಳು ನಮಗೂ ತಿಳಿದಿಲ್ಲ, ನಮ್ಮಿಂದ ಕೆಲಸ ಮಾಡಿಸುವ ನಿವಾಸಿಗಳ ಸಂಘಗಳಿಗೂ ತಿಳಿದಿಲ್ಲ. ಇದನ್ನು ನಾನು ನಷ್ಟ ಅನುಭವಿಸಿ ಕಲಿತಿದ್ದೇನೆ.

2022ರ ಸೆಪ್ಟೆಂಬರ್ ಮಳೆಯಲ್ಲಿ ಸರ್ಜಾಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ನೀರನ್ನು ಎರಡು ಡೀಸೆಲ್ ಪಂಪ್ ಹಚ್ಚಿ ಮೂರು ದಿನ ಹೊರಹಾಕಿದೆವು. ಪೈಪನ್ನು ಚರಂಡಿಗೆ ಬಿಟ್ಟಿದ್ದೆವು. ಚರಂಡಿ ತುಂಬಿ ಹರಿದು ನೀರು ಪಕ್ಕದ ಮನೆಯ ಕಾಂಪೌಂಡ್ ಗೋಡೆಯ ಬುಡದಲ್ಲಿ ನಿಂತಿತು. ಆಗ ಗೋಡೆಯಲ್ಲಿ ಕಂಡದ್ದು ಕೂದಲೆಳೆಯಷ್ಟು ಬಿರುಕು. ಮುಂದಿನ ವರ್ಷ ಮೇ ಕೊನೆಯ ವಾರದಲ್ಲಿ, ಆ ಗೋಡೆ ವಾಲಿದೆ, ಖರ್ಚು ಭರಿಸಿ ಎಂದು ಮನೆಯವರಿಂದ ವಕೀಲರ ನೋಟಿಸ್ ಬಂತು. ನನ್ನ ಪಾಲಿಸಿಯ ಅವಧಿ ಜನವರಿಯಲ್ಲೇ ಮುಗಿದಿತ್ತು. ಬೇಸಿಗೆಯಲ್ಲಿ ಈ ಕೆಲಸ ಇರುವುದಿಲ್ಲ, ಜೂನ್‌ನಲ್ಲಿ ಹೊಸದಾಗಿ ಮಾಡಿಸಿದರಾಯಿತು ಎಂದುಕೊಂಡು ನಾನು ನವೀಕರಿಸಿರಲಿಲ್ಲ. ನೀರು ಹೊರಹಾಕಿದ ದಿನ ಪಾಲಿಸಿ ಜಾರಿಯಲ್ಲಿತ್ತಲ್ಲ ಎಂಬ ಧೈರ್ಯದಿಂದ ಕ್ಲೇಮ್ ಹಾಕಿದೆ. ಅದು ತಿರಸ್ಕೃತವಾಯಿತು.

ವಾಹನ ವಿಮೆಯಲ್ಲಿ ಅಪಘಾತದ ದಿನ ಪಾಲಿಸಿ ಜೀವಂತವಿದ್ದರೆ ಸಾಕು ಎಂಬುದು ನಮಗೆಲ್ಲ ರೂಢಿಯಾದ ತಿಳಿವಳಿಕೆ. ನನ್ನ ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ ಹಾಗಿರಲಿಲ್ಲ. ಅದು ‘ಕ್ಲೇಮ್ಸ್ ಮೇಡ್’ ಎಂಬ ಬಗೆಯದು. ಹಾನಿಯೂ ಪಾಲಿಸಿಯಲ್ಲಿ ನಮೂದಿಸಿದ ಒಂದು ಆರಂಭದ ದಿನಾಂಕದ ನಂತರ, ಅವಧಿ ಮುಗಿಯುವುದರೊಳಗೆ ಆಗಿರಬೇಕು, ಪರಿಹಾರ ಕೊಡಿ ಎಂಬ ಬೇಡಿಕೆಯೂ ಪಾಲಿಸಿಯ ಕಾಲದಲ್ಲೇ ಬಂದಿರಬೇಕು. ಹಳೆಯ ಕೆಲಸಗಳಿಗೆ ರಕ್ಷಣೆ ಎಲ್ಲಿಂದ ಶುರು ಎಂಬುದನ್ನು ನಿಗದಿ ಮಾಡುವ ಆ ದಿನಾಂಕಕ್ಕೆ ‘ರೆಟ್ರೋಆಕ್ಟಿವ್ ಡೇಟ್’ ಎನ್ನುತ್ತಾರೆ. ಬಿಡದೆ ನವೀಕರಿಸುತ್ತ ಹೋದರೆ ಆ ದಿನಾಂಕ ಉಳಿಯುತ್ತದೆ, ನಡುವೆ ಅಂತರ ಬಿದ್ದರೆ ಹೊಸ ಪಾಲಿಸಿಯ ದಿನದಿಂದ ಲೆಕ್ಕ ಮತ್ತೆ ಶುರುವಾಗುತ್ತದೆ. ಅವಧಿ ಮುಗಿದ ಮೇಲೂ 90 ದಿನಗಳವರೆಗೆ ಬೇಡಿಕೆಯನ್ನು ತಿಳಿಸಲು ಅವಕಾಶ ಕೊಡುವ ಕಲಮು ಅದರಲ್ಲಿತ್ತು, ನನ್ನ ವಿಷಯದಲ್ಲಿ ಆ ಗಡುವೂ ದಾಟಿತ್ತು. ನನ್ನನ್ನು ಇಂದಿಗೂ ಕೊರೆಯುವುದು ಇನ್ನೊಂದು ಕಲಮು: ಮುಂದೆ ಬೇಡಿಕೆ ಬರಬಹುದಾದ ಘಟನೆಯನ್ನು ಪಾಲಿಸಿ ಜಾರಿಯಲ್ಲಿರುವಾಗಲೇ ಲಿಖಿತವಾಗಿ ತಿಳಿಸಿದರೆ, ಬೇಡಿಕೆ ಅವಧಿ ಮುಗಿದ ಮೇಲೆ ಬಂದರೂ ಅದೇ ಪಾಲಿಸಿಯಡಿ ಪರಿಗಣಿಸಲಾಗುವುದು ಎಂದು ಅದು ಹೇಳುತ್ತದೆ. ಬಿರುಕು ಕಂಡ ದಿನ ಒಂದು ಫೋಟೊ ತೆಗೆದು ನಾಲ್ಕು ಸಾಲಿನ ಇಮೇಲ್ ಕಳಿಸಿದ್ದರೆ ಸಾಕಾಗುತ್ತಿತ್ತು. ಕೊನೆಗೆ ಒಂದು ಪಂಪ್ ಮಾರಿ ಗೋಡೆ ಕಟ್ಟಿಸಿಕೊಟ್ಟೆ.

ಷರತ್ತು ಪಾಲಿಸಿಯಲ್ಲಿ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಇತ್ತು, ಇಂಗ್ಲಿಷಿನಲ್ಲಿ, ವಕೀಲರೂ ಎರಡು ಸಲ ಓದಿಕೊಳ್ಳಬೇಕಾದ ವಾಕ್ಯಗಳಲ್ಲಿ. ಇಂಥವು ಇನ್ನೂ ಇವೆ. ನೆನೆದ ಪೀಠೋಪಕರಣಗಳನ್ನು ಒಣಗಿಸಲು ನಮ್ಮ ಶೆಡ್ಡಿಗೆ ತರುತ್ತೇವೆ. ಗ್ರಾಹಕರೊಬ್ಬರ ತೇಗದ ತೂಗುಮಣೆಯೊಂದು ಹೀಟರ್ ಬಿಸಿಗೆ ಸೀಳಿತು. ನಮ್ಮ ಸುಪರ್ದಿಯಲ್ಲಿರುವ ಸೊತ್ತಿಗೆ ಆ ಪಾಲಿಸಿ ಅನ್ವಯಿಸುವುದಿಲ್ಲ ಎಂಬುದು ಆಗಲೇ ಗೊತ್ತಾದದ್ದು. ಕಾಮಗಾರಿಗಳಿಗೆ ಮಾಡಿಸುವ ‘ಕಂಟ್ರಾಕ್ಟರ್ಸ್ ಆಲ್ ರಿಸ್ಕ್’ ಪಾಲಿಸಿಯ ಹೊಣೆಗಾರಿಕೆ ಭಾಗದಲ್ಲೂ ಕಂಪನದಿಂದ ಅಥವಾ ನೆಲದ ಆಧಾರ ಸಡಿಲವಾಗಿ ಆಗುವ ಹಾನಿಯನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳದಿದ್ದರೆ ಸಾಮಾನ್ಯವಾಗಿ ಪರಿಹಾರವಿಲ್ಲ. ನೀರು ಕುಡಿದ ಮಣ್ಣಿನ ಮೇಲೆ ಕೆಲಸ ಮಾಡುವ ನಮಗೆ ಅತಿ ಹೆಚ್ಚು ಬೇಕಾದ ರಕ್ಷಣೆ ಅದೇ.

ಸಂಘಗಳು ನಮ್ಮಿಂದ ಪಾಲಿಸಿಯ ಪ್ರತಿ ಕೇಳಿ ಪಡೆದು ಕಡತಕ್ಕೆ ಹಾಕಿಬಿಡುತ್ತವೆ. ಕೆಲವರು ‘1991ರ ಕಾಯ್ದೆಯ ಪಬ್ಲಿಕ್ ಲಯಬಿಲಿಟಿ ತನ್ನಿ’ ಎನ್ನುತ್ತಾರೆ. ಆ ಕಾಯ್ದೆ ಭೋಪಾಲ್ ದುರಂತದ ನಂತರ ಬಂದದ್ದು, ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರಿಗೆ ಸಂಬಂಧಿಸಿದ್ದು. ಕೆಸರು ಬಳಿಯುವ ನಮಗೂ ಅದಕ್ಕೂ ಸಂಬಂಧವಿಲ್ಲ. ಅವರು ನೋಡಬೇಕಾದದ್ದು ಒಂದು ಅಪಘಾತಕ್ಕೆ ಮಿತಿ ಎಷ್ಟು, ಇಡೀ ವರ್ಷಕ್ಕೆ ಎಷ್ಟು, ವಕೀಲರ ವೆಚ್ಚ ಆ ಮಿತಿಯೊಳಗೇ ಸೇರಿದೆಯೇ, ಗುತ್ತಿಗೆದಾರ ಮೊದಲು ಕೈಯಿಂದ ಹಾಕಬೇಕಾದ ‘ಎಕ್ಸೆಸ್’ ಎಷ್ಟು ಎಂಬುದನ್ನು. ನಮ್ಮ ಕೆಲಸಗಾರರಿಗೆ ಆಗುವ ಅನಾಹುತ ಈ ಪಾಲಿಸಿಯಲ್ಲಿ ಬರುವುದೇ ಇಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. 2025ರ ಮೇ ತಿಂಗಳಲ್ಲಿ ಬಿಟಿಎಂ ಬಡಾವಣೆ ಬಳಿಯ ಅಪಾರ್ಟ್‌ಮೆಂಟೊಂದರಲ್ಲಿ ನೆಲಮಾಳಿಗೆಯ ನೀರು ಹೊರಹಾಕುವಾಗ ವಿದ್ಯುತ್ ಹರಿದು ಸತ್ತವರು ಒಬ್ಬ ನಿವಾಸಿ ಮತ್ತು 12 ವರ್ಷದ ಒಬ್ಬ ಹುಡುಗ. ಜೀವಕ್ಕೆ ಯಾವ ಪಾಲಿಸಿಯೂ ಬೆಲೆ ಕಟ್ಟಲಾರದು. ಆದರೆ ನೀರಿರುವ ನೆಲಮಾಳಿಗೆಯಲ್ಲಿ ಅಪಾಯ ಕೂಲಿಗೆ ಬಂದವರಿಗಷ್ಟೇ ಇಲ್ಲ ಎಂಬುದನ್ನು ಮರೆತು ವಿಮೆ ಮಾಡಿಸುವುದು ತಪ್ಪು.

ನೆಲಮಾಳಿಗೆಯ ಅಂಗಡಿಗೆ ಪಾಲಿಸಿ ಕೊಟ್ಟು, ಬೆಂಕಿ ಬಿದ್ದಾಗ ನೆಲಮಾಳಿಗೆ ಅದರ ವ್ಯಾಪ್ತಿಗೆ ಬರುವುದಿಲ್ಲವೆಂದ ಕಂಪನಿಯ ವಾದವನ್ನು ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ತಳ್ಳಿಹಾಕಿ, ಹೊರತುಪಡಿಸುವ ಕಲಮುಗಳನ್ನು ಗ್ರಾಹಕರಿಗೆ ತಿಳಿಸುವುದು ವಿಮಾ ಕಂಪನಿಯ ಕರ್ತವ್ಯವೆಂದಿತು. ಆರೋಗ್ಯ ವಿಮೆಗೆ 2024ರ ಜನವರಿಯಿಂದ ಸರಳ ಭಾಷೆಯ ಮಾಹಿತಿ ಪತ್ರ ಕಡ್ಡಾಯವಾಗಿದೆ, ಬೇಕೆಂದವರಿಗೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಸಣ್ಣ ಗುತ್ತಿಗೆದಾರರ ಹೊಣೆಗಾರಿಕೆ ಪಾಲಿಸಿಗೂ ಅಂಥದೇ ಎರಡು ಪುಟದ ಕನ್ನಡ ಪತ್ರವನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಕಡ್ಡಾಯ ಮಾಡಬೇಕು. ರೆಟ್ರೋಆಕ್ಟಿವ್ ದಿನಾಂಕ, ಘಟನೆಯನ್ನು ತಿಳಿಸಬೇಕಾದ ವಿಳಾಸ ಮತ್ತು ಗಡುವು, ಸುಪರ್ದಿಯ ಸೊತ್ತಿನ ಕಲಮು ಇವಿಷ್ಟು ಅದರ ಮೊದಲ ಪುಟದಲ್ಲೇ ಇರಬೇಕು, ಏಜೆಂಟರು ಓದಿ ಹೇಳಿ ಸಹಿ ಪಡೆಯಬೇಕು. ಮುಂದಿನ ಮಳೆಗಾಲಕ್ಕೆ ಮುನ್ನ ಇದು ಆಗಲೆಂದು ಕೋರುತ್ತೇನೆ.

— ಒಬ್ಬ ದುರಸ್ತಿ ಗುತ್ತಿಗೆದಾರ, ಬೆಂಗಳೂರು