ಹೋಂವರ್ಕ್ ಕಡಿಮೆ ಇರಲಿ, ಯೋಚಿಸುವಂತಿರಲಿ

ಮಾನ್ಯ ಸಂಪಾದಕರೇ,

ಮೊನ್ನೆ ರಾತ್ರಿ ನನ್ನ ಮಗಳು ಒಂದೇ ಪ್ರಶ್ನೋತ್ತರವನ್ನು ಐದನೇ ಸಲ ಬರೆಯುತ್ತಿದ್ದಳು. ಕಣ್ಣು ಎಳೆಯುತ್ತಿತ್ತು. ಮೂರನೇ ಸಾಲಿನ ತಪ್ಪು ಐದೂ ಸಲ ಹಾಗೇ ಇತ್ತು! ಮರುದಿನ ಅದಕ್ಕೊಂದು ಕೆಂಪು ರೈಟ್ ಮಾರ್ಕ್ ಬಿತ್ತು, ಅಷ್ಟೇ. ಅವಳು ಕಲಿತದ್ದೇನು?

ಶಿಕ್ಷಕರನ್ನು ದೂರುತ್ತಿಲ್ಲ. ರಾಶಿ ನೋಟ್‌ಬುಕ್ ತಿದ್ದುವ ಕಷ್ಟ ಅವರದ್ದು. ಅದಕ್ಕೇ ಕೇಳುವುದು, ಇಪ್ಪತ್ತು ಲೆಕ್ಕದ ಬದಲು ನಾಲ್ಕೇ ಕೊಡಿ. ಒಂದನ್ನು ಬೇಕಂತಲೇ ತಪ್ಪಾಗಿ ಬಿಡಿಸಿ ಕೊಟ್ಟು, ಎಲ್ಲಿ ತಪ್ಪಿದೆ, ಯಾಕೆ ಅಂತ ಹುಡುಕಲು ಹೇಳಿ. ಮಕ್ಕಳು ಪತ್ತೇದಾರರ ಹಾಗೆ ಕೂರುತ್ತಾರೆ. ಜೊತೆಗೆ ಹೋದ ತಿಂಗಳ ಪಾಠದ ಒಂದು ಪ್ರಶ್ನೆಯೂ ಇರಲಿ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ, ಬಿಟ್ಟು ಬಿಟ್ಟು ಓದಿದರೆ ಹೇಗೆ ಉಳಿಯುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೇ ಪ್ರಯೋಗ ಮಾಡಿ 1885ರಲ್ಲೇ ತೋರಿಸಿದ್ದರು.

ಪುಸ್ತಕ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಸ್ವಂತ ಮಾತಲ್ಲಿ ಐದು ಸಾಲು ಬರೆಯುವುದೂ ಒಳ್ಳೆಯ ಹೋಂವರ್ಕೇ. ಅದನ್ನು ಸುಮ್ನೆ ನೋಡಿ ಬರೆಯಲು ಆಗುವುದಿಲ್ಲ, ಅಲ್ವಾ? ಅದರ ಕೆಳಗೆ ‘ಇಲ್ಲಿ ಚೆನ್ನಾಗಿ ಯೋಚಿಸಿದ್ದೀಯ’ ಅಂತ ಶಿಕ್ಷಕರು ಒಂದು ಮಾತು ಬರೆದರೆ ಸಾಕು, ಮಗು ಆ ಪುಟವನ್ನು ಮನೆಮಂದಿಗೆಲ್ಲ ತೋರಿಸುತ್ತದೆ.

– ಒಬ್ಬ ತಾಯಿ