ಬಾಲ ಡೊಂಕಾದರೆ ಸಾಲದು

ಟ್ಯೂಬಿಂಗೆನ್, ಜರ್ಮನಿ

ಚಿ. ತಂಗಿಗೆ ಅಕ್ಕನ ಆಶೀರ್ವಾದಗಳು. ನಾನು ಕ್ಷೇಮ. ಅಪ್ಪ, ಅಮ್ಮ, ಅಜ್ಜಿಗೆ ನಮಸ್ಕಾರ ತಿಳಿಸು.

ಯಾರಿಗೂ ಸರಿಯಾಗಿ ಗೊತ್ತಿಲ್ಲದ ಜೀನ್ ಏನು ಕೆಲಸ ಮಾಡುತ್ತದೆಂದು ಕಂಡುಹಿಡಿಯುವುದು ಹೇಗೆ ಅಂತ ಕೇಳಿದ್ದಿ. ಜೀಬ್ರಾ ಮೀನಿನಲ್ಲಿ ಅಂಥವು ಬೇಕಾದಷ್ಟಿವೆ. ಹೆಸರೂ ಇಲ್ಲ, ಬರೀ ಪಟ್ಟಿಯ ನಂಬರು. ನಮ್ಮ ಕಡೆಯ ತೋಡುಗಳ ಮಲಬಾರ್ ಡ್ಯಾನಿಯೊಗೆ ಇದು ನೆಂಟ. ಮನುಷ್ಯರ ಜೀನ್‌ಗಳಲ್ಲಿ ಶೇ. 70ರಷ್ಟಕ್ಕೆ ಈ ಮೀನಿನಲ್ಲಿ ಸಾಟಿ ಇದೆಯೆಂದು 2013ರಲ್ಲಿ ಅದರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ ಬರಹ, ಪ್ರಕಟವಾದಾಗ ತಿಳಿಯಿತು.

ಉಪಾಯ ಇಷ್ಟೆ: ಭ್ರೂಣದಲ್ಲಿ ಆ ಜೀನನ್ನು ತಡೆದು ಏನು ಕೆಡುತ್ತದೆಂದು ನೋಡುವುದು. ಸಂಜೆ ಗಂಡು, ಹೆಣ್ಣುಗಳನ್ನು ಒಂದೇ ಡಬ್ಬಿಯಲ್ಲಿ, ನಡುವೆ ತಡೆ ಇಟ್ಟು ಬಿಡುತ್ತಾರೆ. ಬೆಳಿಗ್ಗೆ ಲೈಟು ಹತ್ತಿದ ಮೇಲೆ ತಡೆ ತೆಗೆದರೆ ಮೊಟ್ಟೆಗಳು ಜಾಲರಿಯ ಕೆಳಗೆ ಬೀಳುತ್ತವೆ. ಜಾಲರಿ ಇಲ್ಲದಿದ್ದರೆ ಮೀನುಗಳೇ ತಿಂದು ಮುಗಿಸುತ್ತವೆ. ಫಲಿತವಾದ ಮೊಟ್ಟೆ ಒಂದೇ ಜೀವಕೋಶವಾಗಿರುವುದು ಸುಮಾರು 45 ನಿಮಿಷ. ಅಷ್ಟರೊಳಗೆ ಜೀನಿನ ಸಂದೇಶ ಒಯ್ಯುವ ಆರ್‌ಎನ್‌ಎಗೆ ಅಂಟಿ ಅದರ ಕೆಲಸ ತಡೆಯುವ ಮಾರ್ಫೊಲಿನೊ ಎಂಬ ಕೃತಕ ತುಣುಕನ್ನು ಗಾಜಿನ ಸೂಜಿಯಿಂದ ಚುಚ್ಚಬೇಕು.

ಕೆಡುವುದು ಹೆಚ್ಚಾಗಿ ಇಲ್ಲೇ. ಮೊದಲು ಎಣ್ಣೆಯಲ್ಲಿ ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕದಡಿ ಅಳೆಯಬೇಕು. ವ್ಯಾಸ 0.1 ಮಿ.ಮೀ. ಇದ್ದರೆ ಅರ್ಧ ನ್ಯಾನೊಲೀಟರ್; 0.125 ಆದರೆ ಹೆಚ್ಚುಕಡಿಮೆ ಇಮ್ಮಡಿ! ಸೂಜಿಯ ತುದಿ ಚೂರು ಮುರಿದರೂ ಸಾಕು, ಗೊತ್ತಾಗದೆ ಪ್ರಮಾಣ ಏರಿರುತ್ತದೆ. ದ್ರಾವಣಕ್ಕೆ ಫಿನಾಲ್ ರೆಡ್ ಎಂಬ ಬಣ್ಣ ಸೇರಿಸಿದರೆ ಹನಿ ಒಳಗೆ ಹೋದದ್ದು ಕೆಂಪಾಗಿ ಕಾಣುತ್ತದೆ.

ಆಮೇಲೆ 28.5 ಡಿಗ್ರಿಯಲ್ಲಿಡಬೇಕು. ಊರಿನ ಎಪ್ರಿಲ್ ಸೆಕೆಗೆ ಹೊರಗಿಟ್ಟರೆ ಆಗದು. 33 ದಾಟಿದ ನೀರಿನಲ್ಲಿ ತುಂಬ ಹೊತ್ತಿದ್ದರೆ ಭ್ರೂಣ ತಾನಾಗಿಯೇ ವಿಕಾರವಾಗಬಹುದು. ಮಧ್ಯಾಹ್ನ ಬೆಳ್ಳಗಾದ ಸತ್ತ ಮೊಟ್ಟೆಗಳನ್ನು ಆರಿಸಿ ತೆಗೆದು ನೀರು ಬದಲಿಸಬೇಕು.

24 ಗಂಟೆಯಾಗುವಾಗ ಹೃದಯ ಬಡಿಯುವುದು ಕಾಣುತ್ತದೆ. ತಲೆ ಸಣ್ಣ, ಬಾಲ ಡೊಂಕು ಎಂದು ಕಂಡರೆ ಅಷ್ಟಕ್ಕೇ ನಂಬಬೇಡ ಮಾರಾಯ್ತಿ. ಮಾರ್ಫೊಲಿನೊ ಹೆಚ್ಚಾದರೆ ಪಿ53 ಎಂಬ ಕಾವಲು ಪ್ರೋಟೀನು ಎಚ್ಚೆತ್ತು ಜೀವಕೋಶಗಳು ಸಾಯುತ್ತವೆ. ಯಾವ ಜೀನನ್ನು ತಡೆಯಲು ಹೊರಟಿದ್ದರೂ ನೋಟ ಅದೇ. ಹಾಗಾಗಿ ಅದೇ ತಾಯಿಯ ಚುಚ್ಚದ ಮೊಟ್ಟೆಗಳನ್ನು ಪಕ್ಕದಲ್ಲೇ ಬೆಳೆಸಬೇಕು. ಚುಚ್ಚಿದವು ಸಾಮಾನ್ಯವಾಗಿ ತುಸು ಹಿಂದೆ ಬೀಳುವುದರಿಂದ ಗಂಟೆ ಲೆಕ್ಕ ಬಿಟ್ಟು ಬೆನ್ನಿನುದ್ದ ಸಾಲಾಗಿ ಮೂಡುವ ತುಂಡುಗಳಾದ ಸೋಮೈಟ್‌ಗಳನ್ನು ಎಣಿಸಿ ಹೋಲಿಸಬೇಕು. ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಬೇರೆ: ಮಾರ್ಫೊಲಿನೊ ಅಂಟದಂತೆ ಅಕ್ಷರ ಬದಲಿಸಿದ, ಅದೇ ಜೀನಿನ ಆರ್‌ಎನ್‌ಎಯನ್ನು ಜೊತೆಗೇ ಚುಚ್ಚಿ ಬಾಲ ನೆಟ್ಟಗಾಗುತ್ತದೆಯೇ ಎಂದು ನೋಡುವುದು.

ಕ್ರಿಸ್ಪರ್‌ನಿಂದ (ಡಿಎನ್‌ಎ ಕತ್ತರಿಸುವ ಸಾಧನ) ಜೀನನ್ನೇ ಕೆಡಿಸಿದ ಮೀನಿನಲ್ಲಿ ಏನೂ ಕಾಣದೆಯೂ ಹೋಗಬಹುದು. ಆಗ ಜೀನ್‌ಗೆ ಕೆಲಸವಿಲ್ಲ ಎಂದು ಬರೆದುಬಿಡುವುದು ಅನ್ಯಾಯ. ಕೆಟ್ಟ ಆರ್‌ಎನ್‌ಎ ಒಡೆದುಹೋಗುವಾಗ ಅದನ್ನು ಹೋಲುವ ಜೀನ್‌ಗಳು ಚುರುಕಾಗಿ ಆ ಕೊರತೆ ತುಂಬಬಹುದೆಂದು 2019ರಲ್ಲಿ ತೋರಿಸಿದ್ದಾರೆ. ತಾಯಿ ಮೊಟ್ಟೆಯಲ್ಲಿಟ್ಟ ಆರ್‌ಎನ್‌ಎಯೂ ಮೊದಲ ಗಂಟೆಗಳನ್ನು ದಾಟಿಸಿಬಿಡುತ್ತದೆ. ಅದಕ್ಕೆ ತಾಯಿಯಲ್ಲೂ ಆ ಜೀನ್ ಕೆಟ್ಟಿರುವ ಮರಿಗಳನ್ನು ನೋಡಬೇಕು. ಒಂದು ತಲೆಮಾರಿಗೆ ಸುಮಾರು ಮೂರು ತಿಂಗಳು ಬೇಕು.

ಚಿತ್ರಗಳನ್ನು ಮುಂದಿನ ಪತ್ರದಲ್ಲಿ ಕಳಿಸುತ್ತೇನೆ.

ಇಂತಿ,
ನಿನ್ನ ಅಕ್ಕ