ನರ್ಸಿಂಗ್ ಸೀಟಿಗೆ ಲೆಕ್ಕ 600ಕ್ಕಲ್ಲ, 300ಕ್ಕೆ

ಮಾನ್ಯ ಸಂಪಾದಕರೆ,

ದ್ವಿತೀಯ ಪಿಯು ಫಲಿತಾಂಶ ಬಂದ ವಾರ ಪತ್ರಿಕೆಗಳ ಶಿಕ್ಷಣ ಪುಟದಲ್ಲಿ ‘ಮುಂದೇನು?’ ಎಂಬ ಲೇಖನಗಳು ಸಾಲುಗಟ್ಟುತ್ತವೆ. ಅದರಲ್ಲಿ ನರ್ಸಿಂಗ್ ಪಾಲಿಗೆ ಬರುವುದು ಬಹುಮಟ್ಟಿಗೆ ಒಂದೇ ಸಾಲು: ‘ವಿಜ್ಞಾನ ವಿಭಾಗದಲ್ಲಿ ಶೇ 45 ಅಂಕ ಬೇಕು’. ಯಾವ ವಿಷಯಗಳ ಶೇ 45 ಎಂದು ಬಿಡಿಸಿ ಹೇಳುವವರಿಲ್ಲ. ಕಡಿಮೆ ಅಂಕ ಬಂದ ಮಕ್ಕಳು ಮುಗ್ಗರಿಸುವುದು ಅಲ್ಲಿಯೇ.

ಒಂದು ಅಂಕಪಟ್ಟಿ ನೋಡೋಣ. ಕನ್ನಡ 88, ಇಂಗ್ಲಿಷ್ 67, ಭೌತವಿಜ್ಞಾನ 36, ರಸಾಯನವಿಜ್ಞಾನ 40, ಗಣಿತ 45, ಜೀವವಿಜ್ಞಾನ 56. ಒಟ್ಟು 600ಕ್ಕೆ 332, ಶೇ 55 ದಾಟಿತು. ಬಿ.ಎಸ್ಸಿ. ನರ್ಸಿಂಗ್ ಸಿಕ್ಕೇ ಸಿಗುತ್ತದೆ ಎಂದು ಮನೆಯವರು ನಿರಾಳವಾಗುತ್ತಾರೆ. ಆದರೆ ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮ ಹಿಡಿಯುವುದು ಭೌತ, ರಸಾಯನ, ಜೀವ ಈ ಮೂರರ ಮೊತ್ತವನ್ನು. ಕೂಡಿದರೆ 300ಕ್ಕೆ 132, ಶೇ 44. ಬೇಕಾದದ್ದು 135. ಕನ್ನಡದ 88 ಇಲ್ಲಿ ನಯಾಪೈಸೆಗೂ ಬಾರದು. ಇಂಗ್ಲಿಷ್ ಪಾಸಾಗಿರಬೇಕು, ಅದರ ಅಂಕ ಮೊತ್ತಕ್ಕೆ ಸೇರುವುದಿಲ್ಲ. ಶೇ 44ನ್ನು 45 ಎಂದು ಯಾರೂ ದುಂಡಗೆ ಮಾಡಿಕೊಳ್ಳುವುದೂ ಇಲ್ಲ.

ಇದರ ಉಲ್ಟಾ ಕೂಡ ಉಂಟು. ಒಟ್ಟು ಶೇ 46 ಬಂತೆಂದು ತಲೆ ತಗ್ಗಿಸಿ ಕೂತ ಹುಡುಗಿ ಆ ಮೂರು ವಿಷಯಗಳಲ್ಲಿ 140 ತೆಗೆದಿದ್ದರೆ ಆಕೆ ಅರ್ಹಳು. ಶೇ 55ರವಳು ಅಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 5ರ ರಿಯಾಯಿತಿ ಇರುವುದರಿಂದ 120 ಸಾಕು. ಬೇರೆ ಪ್ರವರ್ಗದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿ ತಮ್ಮ ಸಾಲನ್ನು ಓದಿಕೊಳ್ಳಬೇಕು, ಪಕ್ಕದ ಮನೆಯವರ ಮಾತು ನಂಬಿ ಕೂರಬಾರದು. ವಯಸ್ಸು ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು.

ಮೂರು ಅಂಕ ಕಡಿಮೆ ಬಿದ್ದವರಿಗೆ ಎರಡು ದಾರಿಗಳಿವೆ. ಮೊದಲನೆಯದು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳುವುದು. ಅದು ಕೈಗೆ ಬಂದ ಮೇಲೆಯೇ ಮರುಮೌಲ್ಯಮಾಪನ. ಪ್ರತಿ ಬಂದಾಗ ಮಕ್ಕಳು ‘ಸರ್ ಅಂಕ ಕಡಿಮೆ ಕೊಟ್ಟಿದ್ದಾರೆ’ ಎಂದು ಗೊಣಗುವುದರಲ್ಲೇ ದಿನ ಕಳೆಯುತ್ತಾರೆ. ನೋಡಬೇಕಾದದ್ದು ಬೇರೆ: ಒಳಪುಟದ ಅಂಕಗಳು ಮುಖಪುಟಕ್ಕೆ ಸರಿಯಾಗಿ ಬಂದಿವೆಯೇ, ಕೊನೆಯ ಪುಟದ ಉತ್ತರ ತಿದ್ದದೆ ಉಳಿದಿದೆಯೇ. ಅರ್ಜಿ ಹಾಕಲು ಸಿಗುವುದು ಕೆಲವೇ ದಿನ, ಹಾಗಾಗಿ ವಿಷಯದ ಉಪನ್ಯಾಸಕರ ಎದುರು ಕೂತು ಅಂದೇ ನೋಡಿಸುವುದು ಒಳ್ಳೆಯದು.

ಎರಡನೆಯದು ಪರೀಕ್ಷೆ-2. 2024ರಿಂದ ಪೂರಕ ಪರೀಕ್ಷೆಯ ಜಾಗಕ್ಕೆ ಬಂದಿರುವ ಈ ವ್ಯವಸ್ಥೆಯಲ್ಲಿ ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಕೂರಬಹುದು, ಎರಡರಲ್ಲಿ ಯಾವುದು ಹೆಚ್ಚೋ ಅದು ಉಳಿಯುತ್ತದೆ. ಕಳೆದುಕೊಳ್ಳುವುದೇನೂ ಇಲ್ಲದ ಪರೀಕ್ಷೆ ಇದು. ಆದರೂ ‘ಪಾಸಾಗಿದೀನಲ್ಲ, ಮತ್ಯಾಕೆ’ ಎಂದು ಬಿಡುವವರೇ ಹೆಚ್ಚು. ಈ ವಿಷಯಗಳ 100ರಲ್ಲಿ 30 ಪ್ರಾಯೋಗಿಕ, 70 ಲಿಖಿತ. ಪ್ರಾಯೋಗಿಕದಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಕೈತುಂಬ ಬಂದಿರುತ್ತದೆ, ಏರಿಸಲು ಉಳಿದಿರುವುದು ಆ 70. ಮೂರು ವಿಷಯಗಳ ಮೊತ್ತವೇ ಲೆಕ್ಕವಾದ್ದರಿಂದ ಮೂರನ್ನೂ ಅರೆಬರೆ ಓದುವ ಬದಲು ಒಂದನ್ನೇ ಗಟ್ಟಿಯಾಗಿ ಹಿಡಿಯುವುದು ಮೇಲು. ಭೌತವಿಜ್ಞಾನದಲ್ಲಿ 36 ಬಂದವರು ಒಂದೇ ತಿಂಗಳಲ್ಲಿ ಅದನ್ನು ಎತ್ತುವುದು ಕಷ್ಟ. ಜೀವವಿಜ್ಞಾನದ ಚಿತ್ರಗಳನ್ನು ಭಾಗಗಳ ಹೆಸರು ಸಮೇತ ದಿನಕ್ಕೆರಡು ಬಿಡಿಸಿ ಕಲಿತರೆ ಮೂರು ಅಂಕ ಅಲ್ಲೇ ಸಿಗುತ್ತದೆ.

ಇನ್ನು ಸಿಇಟಿ. ಸರ್ಕಾರಿ ಕೋಟಾದ ಬಿ.ಎಸ್ಸಿ. ನರ್ಸಿಂಗ್ ಸೀಟು ಈಗ ಕೆಇಎ ನಡೆಸುವ ಈ ಪರೀಕ್ಷೆಯ ಮೂಲಕ. ಅರ್ಜಿ ವರ್ಷದ ಆರಂಭದಲ್ಲೇ ಮುಗಿದುಹೋಗುತ್ತದೆ, ಪಿಯು ಫಲಿತಾಂಶ ಬರುವುದು ಆಮೇಲೆ. ಎಂಬಿಬಿಎಸ್ ಕನಸಲ್ಲಿ ನೀಟ್ ಒಂದಕ್ಕೇ ಕಟ್ಟಿ, ಸಿಇಟಿ ಅರ್ಜಿ ಬಿಟ್ಟವರು ಏಪ್ರಿಲ್‌ನಲ್ಲಿ ಕೈಕೈ ಹಿಸುಕಿಕೊಳ್ಳುತ್ತಾರೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದೂ ಖಾಲಿ ಬಿಡಬೇಡಿ. ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ತಪ್ಪಾಗಿ ತುಂಬಿ ಮೀಸಲಾತಿ ಕಳೆದುಕೊಳ್ಳುವವರು ಉಂಟು. ಸಲ್ಲಿಸುವ ಮುನ್ನ ಇನ್ನೊಬ್ಬರಿಂದ ಓದಿಸಿ ನೋಡಬೇಕು.

135 ಮುಟ್ಟದವರಿಗೆ, ಕಲೆ, ವಾಣಿಜ್ಯ ಓದಿದವರಿಗೆ, ಜೀವವಿಜ್ಞಾನದ ಬದಲು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರಿಗೆ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಇದೆ. ಮೂರು ವರ್ಷದ ಡಿಪ್ಲೊಮಾ. ಒಟ್ಟಾರೆ ಶೇ 40 ಮತ್ತು ಇಂಗ್ಲಿಷ್ ಪಾಸು ಇದ್ದರೆ ಸಾಕು. ವಿಜ್ಞಾನ ಇದ್ದರೆ ಒಳ್ಳೆಯದು, ಕಡ್ಡಾಯವಲ್ಲ. ಮುಕ್ತ ಶಾಲೆ ಎನ್‌ಐಒಎಸ್‌ನ ಹನ್ನೆರಡನೇ ತರಗತಿಗೂ ಮಾನ್ಯತೆ ಇದೆ. ‘ಡಿಪ್ಲೊಮಾ ತಾನೇ’ ಎಂಬ ತಾತ್ಸಾರಕ್ಕೆ ಅರ್ಥವಿಲ್ಲ. ಜಿಎನ್‌ಎಂ ಮುಗಿಸಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವಿ ಪಡೆಯಬಹುದು. ನಾಲ್ಕು ವರ್ಷದ್ದು ಐದಾಯಿತು, ಅಷ್ಟೆ. ಏಮ್ಸ್ ನರ್ಸಿಂಗ್ ಆಫೀಸರ್ ಪರೀಕ್ಷೆಗೂ ಜಿಎನ್‌ಎಂನವರು ಅರ್ಹರು. 50 ಹಾಸಿಗೆಗೆ ಕಡಿಮೆಯಿಲ್ಲದ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಅನುಭವ ಇರಬೇಕು.

ಏಜೆಂಟರು ಕಾಲಿಡುವುದು ಇಲ್ಲಿಯೇ. ‘ಅಂಕ ನೋಡಲ್ಲ, ಮ್ಯಾನೇಜ್‌ಮೆಂಟ್ ಸೀಟು’ ಎನ್ನುತ್ತಾರೆ. ಮ್ಯಾನೇಜ್‌ಮೆಂಟ್ ಸೀಟಿಗೂ ಅರ್ಹತೆಯ ಅಂಕ ಅದೇ. ಕಾಲೇಜು ಶುಲ್ಕ ಕಟ್ಟಿಸಿಕೊಂಡು ತರಗತಿಯಲ್ಲಿ ಕೂರಿಸಬಹುದು, ಆದರೆ ಪ್ರವೇಶಕ್ಕೆ ಅನುಮೋದನೆ ಕೊಡುವುದು ವಿಶ್ವವಿದ್ಯಾಲಯ. 132ರ ಅಂಕಪಟ್ಟಿ ಅಲ್ಲಿ ನಿಲ್ಲುವುದಿಲ್ಲ. ಅನುಮೋದನೆ ಸಿಗದಿದ್ದರೆ ಪರೀಕ್ಷೆಗೂ ಕೂರಿಸುವುದಿಲ್ಲ, ಅಷ್ಟರಲ್ಲಿ ಹಣವೂ ವರ್ಷವೂ ಹೋಗಿರುತ್ತವೆ. ದುಡ್ಡು ಕೊಡುವ ಮೊದಲು ಬಿ.ಎಸ್ಸಿ.ಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ, ಜಿಎನ್‌ಎಂಗೆ ರಾಜ್ಯ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಕಾಲೇಜಿನ ಹೆಸರು ಆ ವರ್ಷಕ್ಕೆ ಇದೆಯೇ ನೋಡಿ. ಕಟ್ಟಡ ನೋಡಿ ಮರುಳಾಗುವ ಬದಲು ಆಸ್ಪತ್ರೆ ಎಲ್ಲಿದೆ ಎಂದು ಕೇಳಿ. ಬಿ.ಎಸ್ಸಿ. ಕಾಲೇಜಿಗೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕೆನ್ನುವುದು ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮ. ವಾರ್ಡಿಗೆ ಕಾಲಿಟ್ಟು ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ ಎಂದು ಕಣ್ಣಾರೆ ನೋಡಿ ಬಂದರೆ ಇನ್ನೂ ಒಳ್ಳೆಯದು.

ಸೀಟು ಸಿಕ್ಕವರಿಗೂ ಒಂದು ಮಾತು. ಒಳಗೆ ಬರಲು ಶೇ 45 ಸಾಕು, ಬಂದ ಮೇಲೆ ಇಂಗ್ಲಿಷ್ ಮತ್ತು ಐಚ್ಛಿಕ ವಿಷಯ ಬಿಟ್ಟು ಉಳಿದ ಪ್ರತಿ ವಿಷಯದಲ್ಲಿ ಪಾಸಾಗಲು ಶೇ 50 ಬೇಕು, ಲಿಖಿತಕ್ಕೂ ಪ್ರಾಯೋಗಿಕಕ್ಕೂ ಬೇರೆ ಬೇರೆಯಾಗಿ. ಹಾಜರಾತಿ ಶೇ 80. ಮೊದಲ ಸೆಮಿಸ್ಟರ್‌ನಲ್ಲೇ ಅಂಗರಚನೆ, ಶರೀರಕ್ರಿಯೆ ಎದುರಾಗುತ್ತವೆ, ಎರಡನೆಯದರಲ್ಲಿ ಜೀವರಸಾಯನ. ಪಿಯುನಲ್ಲಿ ರಸಾಯನವನ್ನು ಬಾಯಿಪಾಠ ಮಾಡಿ ದಾಟಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಇನ್ನು ಹನಿ ಲೆಕ್ಕ: 500 ಮಿ.ಲೀ. ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಹನಿ ಬೀಳಿಸುವ ಕೊಳವೆಯ ಸೆಟ್‌ನಲ್ಲಿ ಮಿ.ಲೀ.ಗೆ 20 ಹನಿ. 500ನ್ನು 20ರಿಂದ ಗುಣಿಸಿ 480 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 21 ಹನಿ. ಗಂಟೆಯನ್ನು ನಿಮಿಷ ಮಾಡಲು ಮರೆತು 8ರಿಂದಲೇ ಭಾಗಿಸುವವರನ್ನು ಪ್ರತಿ ತಂಡದಲ್ಲೂ ಕಾಣಬಹುದು. ಇದು ಏಳನೇ ತರಗತಿಯ ಗಣಿತ. ಫಲಿತಾಂಶ ಬಂದು ಕಾಲೇಜು ಶುರುವಾಗುವವರೆಗಿನ ಬಿಡುವಿನಲ್ಲಿ ಅನುಪಾತ, ಶೇಕಡಾ, ದಶಮಾಂಶ ತಿರುವಿಹಾಕಿದರೆ ಮುಂದೆ ಎಷ್ಟೋ ಹಗುರ.

ಪಿಯು ಕಾಲೇಜುಗಳಲ್ಲಿ ನಮ್ಮ ಬೇಡಿಕೆ ಚಿಕ್ಕದು. ಫಲಿತಾಂಶದ ದಿನ ಸೂಚನಾ ಫಲಕದಲ್ಲಿ ಒಟ್ಟು ಶೇಕಡಾದ ಪಕ್ಕ ಆ ಮೂರು ವಿಷಯಗಳ ಮೊತ್ತವನ್ನೂ ಬರೆಯಲಿ. ನಿಮ್ಮ ಶಿಕ್ಷಣ ಪುಟದಲ್ಲಿ ಮುಂದಿನ ಬಾರಿ ‘ಶೇ 45’ ಅಚ್ಚಾಗುವಾಗ ಪಕ್ಕದಲ್ಲೇ ‘300ಕ್ಕೆ 135’ ಎಂದೂ ಇರಲಿ.

— ನರ್ಸಿಂಗ್ ಬೋಧಕರಿಬ್ಬರು